ಬೆಟ್ಟಕ್ಕೆ ಹೊರಟ ಉದ್ದನೆಯ ಕೋಟು

ದುಡಿದು ತಿನ್ನುವ ಮನೆಗಳಲ್ಲಿ ಎಲ್ಲಕ್ಕೂ ಜಾಗವಿರುತ್ತದೆ, ಬಿಡುವಿಗೆ ಮಾತ್ರ ಇರುವುದಿಲ್ಲ. ಒಡಹುಟ್ಟಿದವರನ್ನು ನೋಡಬೇಕು, ರಜೆ ಒಂದೇ ದಿನ. ದಾರಿ ದೂರ, ಮರುದಿನ ಕೆಲಸ ತಪ್ಪಿಸುವ ಹಾಗಿಲ್ಲ. ಬಾಗಿಲಲ್ಲಿ ಬೈಕು ನಿಂತಿದೆ. ಹತ್ತಿ ಹೋಗಿ ಬಂದುಬಿಟ್ಟರೆ ಆಯಿತಲ್ಲ? ಈ ಮಾತು ಆಡದ ಮನೆ ಯಾವುದಿದೆ ಹೇಳಿ. ದರ್ಜಿಯ ಮನೆಯಲ್ಲೂ ಒಂದು ಗುರುವಾರ ಇದೇ ಮಾತು ನಡೆಯಿತು.

ದರ್ಜಿಯ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಕೆಳಗೆ ಹೊಲಿಗೆ ಮಷಿನು. ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದ ಮೇಜು, ಮೇಜಿನ ತುದಿಯಲ್ಲಿ ಇಸ್ತ್ರಿಪೆಟ್ಟಿಗೆ. ಬಾಗಿಲ ಬಳಿಯ ಮೋಟು ಸ್ಟೂಲು ಅವನ ಹೆಂಡತಿಯದು. ಗಂಡ ಹೊಲಿದದ್ದಕ್ಕೆಲ್ಲ ಗುಂಡಿ ಹಾಕುವವಳು ಅವಳು. ಅಂಗಿ ಹಳತಾಗಿ ನೆಲ ಒರೆಸುವ ಬಟ್ಟೆಯಾದರೂ ಅವಳು ಹಾಕಿದ ಗುಂಡಿ ಮಾತ್ರ ಬಿಡುತ್ತಿರಲಿಲ್ಲ. ಹಾಗಾಗಿ ಬೀದಿಗೆಲ್ಲ ಅವಳು ಗುಂಡಿಯಮ್ಮ.

ಗುಂಡಿಯಮ್ಮನಿಗೆ ಒಬ್ಬನೇ ತಮ್ಮ. ತಾಯಿ ತೀರಿಕೊಂಡ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಈಗ ಅವನು ಬೆಟ್ಟದ ಮೇಲೆ ರಸ್ತೆ ಕೆಲಸದವರ ಶಿಬಿರದಲ್ಲಿ ಅಡುಗೆಯವನು. ಒಂದೂವರೆ ವರ್ಷದಿಂದ ಅವನ ಮುಖ ನೋಡಿರಲಿಲ್ಲ. ಗುರುವಾರ ಬೆಳಿಗ್ಗೆ ಅವನ ಫೋನು ಬಂತು.

"ಅಕ್ಕ, ಮುಂದಿನ ವಾರ ಹಿಮ ಬೀಳುತ್ತಂತೆ. ಆಮೇಲೆ ಐದು ತಿಂಗಳು ದಾರಿ ಬಂದ್. ಫೋನೂ ಸಿಗಲ್ಲ. ಗಾಬರಿ ಆಗ್ಬೇಡ ಅಂತ ಮೊದಲೇ ಹೇಳ್ತಿದೀನಿ."

"ಚಳಿಗೆ ಏನು ಹಾಕ್ಕೊಳ್ತೀಯೋ?"

"ಇದೆ ಬಿಡಕ್ಕ, ಇದೆ."

ಆ "ಇದೆ" ಎಂಬ ಮಾತಿನ ದನಿಯಲ್ಲೇ ಏನೂ ಇಲ್ಲವೆಂದು ಅವಳಿಗೆ ತಿಳಿಯಿತು. ಆಮೇಲೆ ಅವನು ಎರಡು ಸಲ ಕೆಮ್ಮಿದ. ಫೋನು ಇಟ್ಟ ಮೇಲೂ ಆ ಕೆಮ್ಮು ಅವಳ ಕಿವಿಯಲ್ಲೇ ಉಳಿಯಿತು. ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣು ಮಂಜಾಗಿತ್ತು.

ದರ್ಜಿ ಮಷಿನು ನಿಲ್ಲಿಸಿದ. ಹೆಂಡತಿಯ ಕಣ್ಣಲ್ಲಿ ನೀರು ನೋಡಿದರೆ ಅವನಿಗೆ ಕೈಕಾಲು ಆಡುತ್ತಿರಲಿಲ್ಲ.

"ಅಳ್ತೀಯಾ ಯಾಕೆ? ಶನಿವಾರ ಹೋಗೋಣ ನಡಿ. ಬೈಕಲ್ಲಿ. ಅವನಿಗೆ ಹೇಳೋದೇ ಬೇಡ. ಒಲೆ ಮುಂದೆ ನಿಂತಿರ್ತಾನೆ, ಹಿಂದಿನಿಂದ ಹೋಗಿ ಕಣ್ಣು ಮುಚ್ಚಿಬಿಡು!"

"ಸೋಮವಾರ ಬೆಳಿಗ್ಗೆ ಶಾಲೆ ಸಮವಸ್ತ್ರ ಕೊಡ್ಬೇಕಲ್ರೀ. ಇನ್ನೂ ಮೂವತ್ತು ಜೊತೆ ಬಾಕಿ ಇದೆ."

"ಶನಿವಾರ ಸಂಜೆಗೆ ವಾಪಸ್. ಭಾನುವಾರ ಪೂರ್ತಿ ಹೊಲಿಗೆ. ನೋಡ್ತಿರು."

ದರ್ಜಿ ಒಂದು ಹಳೆಯ ನಕ್ಷೆ ಹುಡುಕಿ ಮೇಜಿನ ಮೇಲೆ ಹರಡಿದ. ದಾರದ ಉಂಡೆ ತೆಗೆದ. ರಸ್ತೆಯ ಗೆರೆಯ ಮೇಲೆ ದಾರವನ್ನು ಇಂಚಿಂಚಾಗಿ ಕೂರಿಸುತ್ತ ಹೋದ. ತೋಳಿನ ಸುತ್ತಳತೆ ತೆಗೆಯುವವನ ಹಾಗೆ ಒಂದು ತಿರುವನ್ನೂ ಬಿಡದೆ, ನಾಲಿಗೆ ತುದಿ ಕಚ್ಚಿಕೊಂಡು ಅಳೆದ. ಆಮೇಲೆ ದಾರವನ್ನು ಟೇಪಿಗೆ ಹಿಡಿದು ಲೆಕ್ಕ ಹಾಕಿದ.

"ಇನ್ನೂರ ಹತ್ತು ಕಿಲೋಮೀಟರ್. ಗಂಟೆಗೆ ಐವತ್ತು ಅಂದ್ರೆ ನಾಲ್ಕೂಕಾಲು ಗಂಟೆ. ಐದಕ್ಕೆ ಬಿಟ್ರೆ ಒಂಬತ್ತೂವರೆಗೆ ನಿನ್ನ ತಮ್ಮನ ಕೈಯಡುಗೆ! ಬರೋವಾಗ ಇಳಿಜಾರು, ಇಂಜಿನ್ ಆಫ್ ಮಾಡಿದ್ರೆ ಪೆಟ್ರೋಲೂ ಉಳೀತು."

ಅಷ್ಟಕ್ಕೇ ಅವನ ಉಮೇದು ನಿಲ್ಲಲಿಲ್ಲ. ಗೋದಾಮಿನಿಂದ ತಂದ ದಪ್ಪ ಕಂಬಳಿ ಬಟ್ಟೆಯಿತ್ತು. ಅಂದೇ ಕತ್ತರಿಸಿ, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಎರಡು ಕೋಟು ಹೊಲಿದು ಮುಗಿಸಿದ. ಭಾಮೈದನಿಗೆ ಒಂದು, ಹೆಂಡತಿಗೆ ಒಂದು. ಹೆಂಡತಿಯದು ಪಾದ ಮುಟ್ಟುವಷ್ಟು ಉದ್ದ. ಕಾಲಿಗೆ ಗಾಳಿ ಸೋಕಬಾರದೆಂದು ಧಾರಾಳವಾಗಿ ಘೇರು ಬಿಟ್ಟಿದ್ದ. ಎಲ್ಲ ಕಡೆಯೂ ಎರಡೆರಡು ಹೊಲಿಗೆ. ಕುತ್ತಿಗೆಯ ದೊಡ್ಡ ಗುಂಡಿಯನ್ನು ಗುಂಡಿಯಮ್ಮನೇ ನಾಲ್ಕೆಳೆ ದಾರದಲ್ಲಿ ಬಿಗಿದಳು.

"ಎಳೆದು ನೋಡು," ಎಂದ ದರ್ಜಿ. "ಆನೆ ಕಟ್ಟಿದ್ರೂ ಬಿಚ್ಚಲ್ಲ."

ಒಳಮನೆಯಲ್ಲಿ ಅವನ ತಾಯಿ ಕೂತಿದ್ದಳು. ದಿನವೂ ಪದ್ಯಗಳನ್ನು ರಾಗವಾಗಿ ಹೇಳಿಕೊಳ್ಳುವ ಮುದುಕಿ. ಅಲ್ಲಿಂದಲೇ ಕೂಗಿದಳು: "ಲೋ, ಆನೆ ಕಟ್ಟೋದಕ್ಕೆ ಹೊಲಿದಿದೀಯೋ, ಹೆಂಡ್ತಿ ಹಾಕ್ಕೊಳ್ಳೋದಕ್ಕೋ?"

ಮೂವರೂ ನಕ್ಕರು. ಗುಂಡಿಯಮ್ಮ ಕೋಟು ತೊಟ್ಟು ಒಂದು ಸುತ್ತು ತಿರುಗಿದಳು. ಘೇರು ಛತ್ರಿಯ ಹಾಗೆ ಅರಳಿತು. ಮದುವೆಯಾದ ಮೇಲೆ ಗಂಡ ಇಷ್ಟು ಅಕ್ಕರೆಯಿಂದ ತನಗಾಗಿ ಏನನ್ನೂ ಹೊಲಿದಿರಲಿಲ್ಲವೆಂದು ಅವಳ ಎದೆ ತುಂಬಿ ಬಂತು.

ಅಷ್ಟರಲ್ಲಿ ಪಂಕ್ಚರ್ ಅಕ್ಕ ಬಂದಳು. ಬೀದಿಯ ಮೂಲೆಯಲ್ಲಿ ಟಯರು ರಿಪೇರಿ ಮಾಡುವ ಅಂಗಡಿ ಅವಳದು. ಮೊದಲು ಬೆಟ್ಟದ ಬುಡದ ಪೇಟೆಯಲ್ಲಿ ಒಂಬತ್ತು ವರ್ಷ ಅಂಗಡಿ ಇಟ್ಟಿದ್ದವಳು. ಕೆಲಸದ ಅಂಗಿಯ ಜೇಬು ಕಿತ್ತಿತ್ತು, ಹೊಲಿಸಲು ತಂದಿದ್ದಳು.

"ಏನಮ್ಮ ಗುಂಡಿಯಮ್ಮ, ಮಹಾರಾಣಿ ಥರ ಕಾಣ್ತಿದೀಯಾ! ಎಲ್ಲಿಗೆ ಸವಾರಿ?"

ಗುಂಡಿಯಮ್ಮ ಹೇಳಿದಳು. ಕೇಳುತ್ತ ಕೇಳುತ್ತ ಪಂಕ್ಚರ್ ಅಕ್ಕನ ನಗು ಮುಖದಿಂದ ಇಳಿಯಿತು. ನಕ್ಷೆ ನೋಡಿದಳು, ದಾರ ನೋಡಿದಳು. ಆಮೇಲೆ ಹೊರಗೆ ಹೋಗಿ ಬೈಕಿನ ಸುತ್ತ ಒಂದು ಸುತ್ತು ಬಂದಳು.

"ಟೇಲರಣ್ಣ, ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಪಕ್ಕದಲ್ಲಿ ಜಾಲರಿ ಇರುತ್ತಲ್ಲ, ಅದೆಲ್ಲಿ?"

"ಲಟಲಟ ಅಂತಿತ್ತು, ಬಿಚ್ಚಿಹಾಕ್ದೆ."

"ಹೆಲ್ಮೆಟ್ಟು?"

"ಇದೆಯಲ್ಲ, ಗೂಟಕ್ಕೆ ನೇತುಹಾಕಿದೀನಿ."

"ಒಂದೇ? ನಿಂದು ಮಾತ್ರ ತಲೆ, ಅವಳದು ಬುರುಡೆನಾ?"

ದರ್ಜಿಗೆ ರೇಗಿತು. "ಅಲ್ಲಕ್ಕ, ಹನ್ನೆರಡು ವರ್ಷದಿಂದ ಗಾಡಿ ಓಡಿಸ್ತಿದೀನಿ. ಒಂದು ಸಲ ಬಿದ್ದಿಲ್ಲ."

"ಎಲ್ಲಿ ಓಡಿಸಿದೀಯ? ಮನೆಯಿಂದ ಬಟ್ಟೆ ಗೋದಾಮಿಗೆ, ಗೋದಾಮಿಂದ ಮನೆಗೆ. ಅದು ಇಸ್ತ್ರಿ ಹೊಡೆದ ಹಾಗಿರೋ ರಸ್ತೆ. ಬೆಟ್ಟದಲ್ಲಿ ಕಿಲೋಮೀಟರ್ ಲೆಕ್ಕ ನಡೆಯಲ್ಲ ಅಣ್ಣ, ಗಂಟೆ ಲೆಕ್ಕ. ನೀನು ಅಳೆದಿರೋದು ರಸ್ತೆ ಉದ್ದ. ರಸ್ತೆ ಎತ್ತರ ಅಳೆದಿಲ್ಲ."

"ಒಂದೇ ದಿನ ಇರೋದಕ್ಕ. ಎಲ್ಲಾ ನೋಡ್ಕೊಂಡು ಕೂತ್ರೆ ಹಿಮ ಬಿದ್ದು ಕರಗಿಯೂ ಹೋಗಿರುತ್ತೆ."

"ಸರಿ, ಒಂದೇ ಒಂದು ಕೆಲಸ ಮಾಡು. ನಾಳೆ ಏನೇನು ಹೇರ್ತೀಯೋ ಅದನ್ನೆಲ್ಲ ಇವತ್ತೇ ಹೇರು. ಇವಳನ್ನ ಕೂರಿಸ್ಕೊ. ನೀರಿನ ಟ್ಯಾಂಕಿನ ಗುಡ್ಡ ಹತ್ತಿ ಇಳಿ. ಆರು ಕಿಲೋಮೀಟರ್ ಮೇಲೆ, ಆರು ಕೆಳಗೆ. ಅಷ್ಟು ಮಾಡಿದ ಮೇಲೆ ನಾನು ತುಟಿ ಬಿಚ್ಚಲ್ಲ."

"ಮೂವತ್ತು ಜೊತೆ ಬಟ್ಟೆ ಬಿದ್ದಿದೆ ಇಲ್ಲಿ!"

ಗುಂಡಿಯಮ್ಮ ಅಲ್ಲಿಯವರೆಗೂ ಸುಮ್ಮನಿದ್ದಳು. ಹೋಗುವ ಆಸೆ ಅವಳದೇ. ಅಕ್ಕನ ಮಾತು ಕೇಳಿದರೆ ಎಲ್ಲಿ ಹೊರಡುವುದೇ ತಪ್ಪೀತೋ ಎಂಬ ಅಳುಕೂ ಅವಳದೇ. ಆದರೂ ಅಕ್ಕನ ದನಿಯಲ್ಲಿ ಚೇಷ್ಟೆಯಿಲ್ಲ, ಏನೋ ಕಂಡವಳ ಭಾರವಿದೆ ಎನಿಸಿತು.

"ರೀ, ಗಿರಾಕಿ ಎಷ್ಟೇ ಅವಸರ ಮಾಡ್ಲಿ, ಒಂದು ಸಲ ಹಾಕಿಸಿ ಟ್ರಯಲ್ ನೋಡದೆ ನೀವು ಕೋಟು ಕೊಡ್ತೀರಾ?"

ದರ್ಜಿ ಮೇಜಿನ ಮೇಲಿನ ನಕ್ಷೆ ಮಡಿಸಿದ. ಒಳಗಿಂದ ಮುದುಕಿ ಹೇಳಿದಳು: "ಹೋಗಿ ಬಾರೋ. ನಿಮ್ಮನ್ನ ಕಾಯಪ್ಪ ಅಂತ ನಾನು ದೇವರ ಹತ್ರ ಬೇಡ್ಕೊಳ್ತೀನಿ. ಬ್ರೇಕು ನೋಡಪ್ಪ ಅಂತ ಬೇಡೋಕಾಗಲ್ಲ. ಅದು ನಿನ್ನ ಕೆಲಸ."

ಮುಖ ಊದಿಸಿಕೊಂಡೇ ದರ್ಜಿ ಎರಡು ಚೀಲ ಕಟ್ಟಿದ. ಪಂಕ್ಚರ್ ಅಕ್ಕ ತನ್ನ ಹೆಲ್ಮೆಟ್ಟನ್ನು ತಂದು ಗುಂಡಿಯಮ್ಮನ ತಲೆಗಿಟ್ಟು ಗಲ್ಲದ ಪಟ್ಟಿ ಬಿಗಿದಳು. "ಕೋಟನ್ನ ಕಾಲಡಿ ಸಿಕ್ಕಿಸ್ಕೊ," ಎಂದಳು. "ನಾನು ಗುಡ್ಡದ ಬುಡದಲ್ಲಿ, ಟ್ಯಾಂಕಿನ ರಸ್ತೆಯ ಗೇಟಿನ ಹತ್ರ ಕಾಯ್ತಿರ್ತೀನಿ."

ಹತ್ತುವಾಗಲೇ ಬೈಕು ಏದುಸಿರು ಬಿಟ್ಟಿತು. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಬಂತು. ಏಳು ನಿಮಿಷದ ಮಾತೆಂದು ದರ್ಜಿ ಹೊರಡುವಾಗ ಹೇಳಿದ್ದ. ತುದಿಯಲ್ಲಿ ಗಡಿಯಾರ ನೋಡಿದರೆ ಹತ್ತೊಂಬತ್ತು ನಿಮಿಷ ಕಳೆದಿತ್ತು. ಅವನು ಅಂಗಿಯ ತೋಳು ಎಳೆದು ಗಡಿಯಾರ ಮುಚ್ಚಿದ.

ಇಳಿಯುವಾಗ ಅವನು ಇಂಜಿನ್ ಆಫ್ ಮಾಡಿದ.

"ನೋಡಿದ್ಯಾ, ಪುಕ್ಕಟೆ ಸವಾರಿ!"

ಸದ್ದಡಗಿತು. ಗುಡ್ಡದ ಪೊದೆಗಳಲ್ಲಿ ಹಕ್ಕಿಗಳ ಕೂಗು ಕೇಳಿಸಿತು. ಗಾಳಿ ಮುಖಕ್ಕೆ ತಣ್ಣಗೆ ಬಡಿಯಿತು. ನಾಳೆ ಇಷ್ಟು ಹೊತ್ತಿಗೆ ತಮ್ಮನನ್ನು ನೋಡಿ ಆಗಿರುತ್ತದೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ಬೈಕು ಜೋರಾಯಿತು. ಎರಡು ತಿರುವು ಕಳೆಯಿತು, ನಾಲ್ಕು ಕಳೆಯಿತು. ಪ್ರತಿ ತಿರುವಿನಲ್ಲೂ ಗಂಡನ ಬಲಗಾಲು ಬ್ರೇಕನ್ನು ಒತ್ತಿಕೊಂಡೇ ಇತ್ತು. ಐದನೆಯ ತಿರುವಿನಲ್ಲಿ ಒಂದು ವಾಸನೆ ಬಂತು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತಾಗ ಏಳುವ ವಾಸನೆ.

"ರೀ, ಏನೋ ಸುಡ್ತಿದೆ."

"ಯಾರೋ ಕಸ ಸುಡ್ತಿರ್ಬೇಕು ಬಿಡು."

ಅವನ ದನಿ ಮಾತ್ರ ಎಂದಿನ ಹಾಗಿರಲಿಲ್ಲ. ಕಾಲು ಒತ್ತಿದಷ್ಟೂ ಬ್ರೇಕು ಕೆಳಗೆ ಹೋಗುತ್ತಿತ್ತು, ಬೈಕು ನಿಧಾನವಾಗುತ್ತಿರಲಿಲ್ಲ. ಅವನ ಬೆನ್ನು ಬಿಗಿಯಾದದ್ದು ಅವಳ ಕೈಗೆ ತಿಳಿಯಿತು. ಅವಳು ಎರಡೂ ಕೈಯಿಂದ ಅವನ ಸೊಂಟ ಹಿಡಿದಳು. ಕಾಲಡಿ ಸಿಕ್ಕಿಸಿದ್ದ ಕೋಟು ಯಾವಾಗ ಜಾರಿತೋ ಅವಳಿಗೆ ಗೊತ್ತಾಗಲಿಲ್ಲ. ಗಾಳಿ ಅದರೊಳಗೆ ಹೊಕ್ಕು ಘೇರು ಪಟಪಟನೆ ಹಾರತೊಡಗಿತ್ತು.

ಕೊನೆಯ ತಿರುವು ಕಳೆದು ರಸ್ತೆ ಸಮವಾಯಿತು. ಬೈಕು ತಾನಾಗಿ ನಿಧಾನಗೊಂಡಿತು. ಅಬ್ಬ, ದೇವರೇ, ಎಂದು ಅವಳು ಉಸಿರು ಬಿಟ್ಟಳು. ಗೇಟಿನ ಬಳಿ ಪಂಕ್ಚರ್ ಅಕ್ಕ ನಿಂತದ್ದು ಕಾಣುತ್ತಿತ್ತು.

ಆಗ ಹಿಂದಿನಿಂದ ಯಾರೋ ಅವಳನ್ನು ಹಿಡಿದು ಎಳೆದರು.

ಹಾಗೆಂದೇ ಅವಳಿಗೆ ಅನಿಸಿತು. ಯಾರೋ ಬಲವಾದವರು ಕೋಟಿನ ಅಂಚು ಹಿಡಿದು ಜಗ್ಗಿದ ಹಾಗೆ. ಮೊದಲು ಸೊಂಟ, ಆಮೇಲೆ ಭುಜ, ಆಮೇಲೆ ಕುತ್ತಿಗೆ. ಕೂಗಬೇಕೆಂದುಕೊಂಡಳು, ದನಿ ಬರಲಿಲ್ಲ. ಕೋಟಿನ ಕೊರಳು ಗಂಟಲನ್ನು ಹಿಸುಕಿತ್ತು. ಆಕಾಶ ಒಮ್ಮೆ ಕಂಡಿತು, ನೆಲ ಒಮ್ಮೆ ಕಂಡಿತು. ಟಕ್ ಎಂದು ಹೆಲ್ಮೆಟ್ಟು ಕಲ್ಲಿಗೆ ಬಡಿದದ್ದು ಕೇಳಿಸಿತು. ಬೈಕು ಅಡ್ಡ ಬಿತ್ತು. ಚಕ್ರ ನಿಂತಿತು. ಕೋಟಿನ ಅಂಚು ಚಕ್ರದ ಕಡ್ಡಿಗಳಲ್ಲಿ ಸುತ್ತಿಕೊಂಡು ಹಗ್ಗವಾಗಿತ್ತು. ಅದರ ಇನ್ನೊಂದು ತುದಿ ಅವಳ ಕೊರಳಲ್ಲಿತ್ತು.

ಅವಳ ಬೆರಳುಗಳು ಕುತ್ತಿಗೆಯ ಗುಂಡಿಗೆ ಹೋದವು. ಗುಂಡಿ ಬಿಚ್ಚಲಿಲ್ಲ. ಎಳೆದಳು. ಕೀಳಲಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಕುಣಿದವು.

ಪಂಕ್ಚರ್ ಅಕ್ಕ ಓಡಿ ಬಂದಳು. ಟ್ಯೂಬು ಕತ್ತರಿಸುವ ಕತ್ತರಿ ಅವಳ ಸೊಂಟದಲ್ಲೇ ಇತ್ತು. ಎರಡು ಬೆರಳನ್ನು ಕೊರಳು ಮತ್ತು ಬಟ್ಟೆಯ ನಡುವೆ ತೂರಿಸಿ, ಒಂದು, ಎರಡು, ಮೂರು ಸಲ ಕತ್ತರಿಸಿದಳು. ಬಟ್ಟೆ ಬಿಟ್ಟುಕೊಂಡಿತು. ಗಾಳಿ ಸುಯ್ಯೆಂದು ಎದೆಯೊಳಗೆ ಹೋಯಿತು. ಗುಂಡಿಯಮ್ಮ ಕೆಮ್ಮಿದಳು, ಮತ್ತೆ ಕೆಮ್ಮಿದಳು.

"ಉಸಿರಾಡು. ಮಾತಾಡ್ಬೇಡ. ಉಸಿರಾಡು," ಎನ್ನುತ್ತಿದ್ದಳು ಅಕ್ಕ. "ಕಾಲು ಆಡಿಸು. ಬೆರಳು ಆಡಿಸು. ಹಾಂ, ಸಾಕು. ಏಳ್ಬೇಡ, ಹಾಗೇ ಇರು."

ದರ್ಜಿಯ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ. ಚಕ್ರಕ್ಕೆ ಸುತ್ತಿಕೊಂಡ ಬಟ್ಟೆಯ ಮುಂದೆ ಮೊಣಕಾಲೂರಿ ಕೂತಿದ್ದ. ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದ.

"ಒಂದು ಎಳೆಯೂ ಬಿಟ್ಟಿಲ್ಲ," ಎಂದ. ಬೇರೆ ಯಾರದೋ ದನಿಯ ಹಾಗಿತ್ತು. "ಎಲ್ಲಾದ್ರೂ ಹರಿದಿದ್ರೆ ಅವಳ ಕೊರಳಿಗೆ ಬರ್ತಿರಲಿಲ್ಲ. ನಾನೇ ಹರಿಯದ ಹಾಗೆ ಹೊಲಿದಿದೀನಿ."

ಪಂಕ್ಚರ್ ಅಕ್ಕ ನೀರಿನ ಬಾಟಲಿ ತೆಗೆದು ಗುಂಡಿಯಮ್ಮನಿಗೆ ಎರಡು ಗುಟುಕು ಕುಡಿಸಿದಳು. ಉಳಿದ ನೀರನ್ನು ದರ್ಜಿಯ ಕೈಗೆ ಕೊಟ್ಟು, ಹಿಂದಿನ ಚಕ್ರದ ನಡುವಿನ ಬ್ರೇಕಿನ ಗುಂಡನೆಯ ಡಬ್ಬಿಯನ್ನು ತೋರಿಸಿದಳು.

"ಇಸ್ತ್ರಿ ಕಾದಿದೆಯಾ ಅಂತ ನೋಡೋಕೆ ನೀರು ಚಿಮುಕಿಸ್ತೀಯಲ್ಲ, ಹಾಗೆ ಇಲ್ಲಿ ಚಿಮುಕಿಸು."

ಚಿಮುಕಿಸಿದ. ಚುಯ್ಯೆಂದಿತು. ಹನಿಗಳು ಕುಣಿದು ಹಬೆಯಾಗಿ ಹೋದವು.

ದರ್ಜಿ ಕೈ ಹಿಂದಕ್ಕೆಳೆದುಕೊಂಡ. ಇಷ್ಟು ಕಾಯಲು ಇಸ್ತ್ರಿಪೆಟ್ಟಿಗೆಗೆ ಎಷ್ಟು ಹೊತ್ತು ಬೇಕೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇದು ಆರು ಕಿಲೋಮೀಟರ್ ಇಳಿದಿದ್ದಕ್ಕೆ," ಎಂದಳು ಅಕ್ಕ. "ನಾಳೆ ನೀನು ಹೀಗೇ ಇಳೀಬೇಕು ಅಂತಿದ್ದೆಯಲ್ಲ, ಅದು ತೊಂಬತ್ತು. ಇಂಜಿನ್ ಆನ್ ಇಟ್ಟು ಸಣ್ಣ ಗೇರಲ್ಲಿ ಇಳಿದ್ರೆ ಇಂಜಿನ್ನೇ ಗಾಡೀನ ಹಿಡಿದು ಇಳಿಸುತ್ತೆ. ಬ್ರೇಕಿಗೆ ಉಸಿರಾಡೋಕೆ ಪುರುಸೊತ್ತು ಸಿಗುತ್ತೆ. ಆಫ್ ಮಾಡಿದ್ಯೋ, ಎಲ್ಲಾ ಭಾರ ಈ ಬ್ರೇಕಿನ ಮೇಲೆ. ಕಾದ ಬ್ರೇಕು ಹಿಡಿಯಲ್ಲ."

ದರ್ಜಿ ಗುಡ್ಡದ ಕಡೆ ತಿರುಗಿ ನೋಡಿದ. ಮೇಲಿನ ತಿರುವುಗಳಲ್ಲಿ ರಸ್ತೆಯ ಅಂಚಿಗೆ ತಡೆಗೋಡೆ ಇರಲಿಲ್ಲ.

ಬೈಕನ್ನು ತಳ್ಳಿಕೊಂಡು ಪಂಕ್ಚರ್ ಅಕ್ಕನ ಅಂಗಡಿಗೆ ಬಂದರು. ಪಕ್ಕದ ದವಾಖಾನೆಯ ನರ್ಸು ಬಂದು ಗುಂಡಿಯಮ್ಮನ ಕುತ್ತಿಗೆ ಮುಟ್ಟಿ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಕೊರಳ ಸುತ್ತ ಕೆಂಪು ಬರೆ ಎದ್ದಿತ್ತು. "ಮೂಳೆಗೇನೂ ಆಗಿಲ್ಲ. ತಲೆ ಸುತ್ತಿದ್ರೆ, ವಾಂತಿ ಬಂದ್ರೆ, ನುಂಗೋಕೆ ಕಷ್ಟ ಆದ್ರೆ ತಡ ಮಾಡದೆ ಬನ್ನಿ," ಎಂದು ಹೇಳಿ ಹೋದಳು. ಹೆಲ್ಮೆಟ್ಟಿನ ಹಿಂಭಾಗದಲ್ಲಿ ಅಂಗೈಯಷ್ಟು ಜಾಗ ಬಿರುಕು ಬಿಟ್ಟಿತ್ತು. ಪಂಕ್ಚರ್ ಅಕ್ಕ ಅದನ್ನು ಕಸದ ಬುಟ್ಟಿಗೆ ಹಾಕಿದಳು. "ಅದರ ಕೆಲಸ ಮುಗೀತು. ಒಂದು ಸಲ ಏಟು ತಿಂದಿದ್ದನ್ನ ಮತ್ತೆ ಹಾಕ್ಕೋಬಾರದು."

ಗುಂಡಿಯಮ್ಮ ಆ ಬಿರುಕನ್ನೇ ನೋಡುತ್ತಿದ್ದಳು. ಗಂಡನ ಹೆಲ್ಮೆಟ್ಟು ಒಂದೇ ಇದ್ದಿದ್ದರೆ ಆ ಬಿರುಕು ಎಲ್ಲಿರುತ್ತಿತ್ತೆಂದು ಯೋಚಿಸಿದಳು.

"ಅಕ್ಕ, ಈ ಕೋಟಲ್ಲಿ ಬೈಕ್ ಹತ್ತಿ ಬೆಟ್ಟಕ್ಕೆ ಹೋಗ್ತೀನಿ ಅಂದ ಕೂಡಲೇ ನಿಮ್ಮ ಮುಖ ಸಣ್ಣಗಾಯ್ತು. ಯಾಕೆ?"

ಪಂಕ್ಚರ್ ಅಕ್ಕ ಬಟ್ಟೆಯಲ್ಲಿ ಕೈಯ ಎಣ್ಣೆ ಒರೆಸಿಕೊಂಡಳು.

"ಬೆಟ್ಟದ ಬುಡದಲ್ಲಿ ನನ್ನ ಅಂಗಡಿಗೆ ಗಾಡಿಗಳು ಎರಡು ಥರ ಬರ್ತಿದ್ವು. ಹತ್ತೋವಾಗ ಓಡಿಸ್ಕೊಂಡು ಬರ್ತಿದ್ರು. ಇಳಿಯೋವಾಗ ಕೆಲವು ಲಾರೀಲಿ ಬರ್ತಿದ್ವು. ಚಕ್ರ ಬಿಚ್ಚಿದ್ರೆ ಒಳಗೆ ಬಟ್ಟೆ. ಶಾಲು, ಸ್ಕಾರ್ಫು, ಕೋಟಿನ ಅಂಚು. ಕೆಂಪು, ಹಸಿರು, ಹೂವಿನ ಚಿತ್ತಾರದ್ದು. ಕಡ್ಡಿ ಕಡ್ಡಿಯಿಂದ ಬಿಡಿಸಿ ತೆಗೀತಿದ್ದೆ. ಇದು ಯಾರದ್ದು, ಅವರು ಹೇಗಿದಾರೆ ಅಂತ ಮೊದಮೊದಲು ಲಾರಿಯವರನ್ನ ಕೇಳ್ತಿದ್ದೆ." ಅವಳು ಒರೆಸಿದ ಬಟ್ಟೆಯನ್ನು ಮಡಿಸಿಟ್ಟಳು. "ಆಮೇಲಾಮೇಲೆ ಕೇಳೋದು ಬಿಟ್ಟೆ."

ದರ್ಜಿ ತಲೆ ತಗ್ಗಿಸಿದ.

"ಈಗ ಒಂದು ಕೇಳ್ತೀನಿ," ಎಂದಳು ಅಕ್ಕ. "ನಾಳೆ ಬೆಟ್ಟದಲ್ಲಿ ಹೀಗಾಗಿದ್ರೆ ನೀವು ಅಲ್ಲಿದೀರಿ ಅಂತ ಯಾರಿಗೆ ಗೊತ್ತಾಗ್ತಿತ್ತು? ತಮ್ಮನಿಗೆ ಹೇಳಿಲ್ಲ. ಸಂಜೆ ತನಕ ಮನೇಲಿ ಅಮ್ಮನೂ ಹುಡುಕಲ್ಲ. ಮೊದಲು ಅವನಿಗೆ ಫೋನ್ ಮಾಡಮ್ಮ. ಕಣ್ಣು ಮುಚ್ಚಿ ಆಡೋ ಆಟ ಸಾಕು."

ಗುಂಡಿಯಮ್ಮ ಫೋನು ಮಾಡಿದಳು. ದನಿ ಗೊಗ್ಗರಾಗಿತ್ತು.

"ಏನಕ್ಕ, ಗಂಟಲಿಗೇನಾಯ್ತು?"

"ಆಮೇಲೆ ಹೇಳ್ತೀನಿ. ನಾಳೆ ನಿನ್ನ ನೋಡೋಕೆ ಅಂತ ಹೊರಟಿದ್ವಿ ಕಣೋ. ಹೇಳದೆ ಬರೋಣ ಅಂತ."

"ನಾಳೆನಾ? ಅಕ್ಕ, ನಾಳೆ ನಾನು ಶಿಬಿರದಲ್ಲಿ ಇರೋದೇ ಇಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಲಾರೀಲಿ ಕೆಳಗೆ ಪೇಟೆಗೆ ಬರ್ತೀನಿ, ತರಕಾರಿ ದಿನಸಿ ತಗೊಳ್ಳೋಕೆ. ಮೇಲಕ್ಕೆ ವಾಪಸ್ ಮುಟ್ಟೋದು ಕತ್ತಲಾದ ಮೇಲೆ."

ಗುಂಡಿಯಮ್ಮ ಗಂಡನ ಕಡೆ ತಿರುಗಿದಳು. ಅಂದುಕೊಂಡ ಹಾಗೆ ಬೈಕಲ್ಲಿ ಹೊರಟಿದ್ದರೆ, ಅವರು ಏದುಸಿರು ಬಿಡುತ್ತ ಮೇಲೇರುವಾಗ ಅವನು ಲಾರಿಯಲ್ಲಿ ಕೂತು ಅದೇ ರಸ್ತೆಯಲ್ಲಿ ಇಳಿದು ಹೋಗುತ್ತಿದ್ದ. ಹೆಲ್ಮೆಟ್ಟಿನೊಳಗಿನ ಮುಖ ಅವನಿಗೆ ಕಾಣುತ್ತಿರಲಿಲ್ಲ, ಲಾರಿಯೊಳಗಿನ ತಮ್ಮ ಅವಳಿಗೆ ಕಾಣುತ್ತಿರಲಿಲ್ಲ. ಖಾಲಿ ಶಿಬಿರದ ಒಲೆಯ ಮುಂದೆ ಗಂಡ ಹೆಂಡತಿ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ನಿಲ್ಲುತ್ತಿದ್ದರು. ಆಮೇಲೆ ಅದೇ ಅವಸರದಲ್ಲಿ, ಅದೇ ಕೋಟಿನಲ್ಲಿ, ಇಂಜಿನ್ ಆಫ್ ಮಾಡಿಕೊಂಡು ಇಳಿಯುತ್ತಿದ್ದರು. ಐದು ತಿಂಗಳಿಗೆ ಮೊದಲು ಸಿಗುವ ಒಂದೇ ಭೇಟಿ ಹಾಗೆಯೇ ಕೈತಪ್ಪುತ್ತಿತ್ತು.

"ಮತ್ತೆ ಅಕ್ಕ," ತಮ್ಮ ಹೇಳುತ್ತಿದ್ದ, "ಮೇಲಕ್ಕೆ ಒಂದೇ ದಿನದಲ್ಲಿ ಬರಬಾರದು. ನಾನು ಮೊದಲ ಸಲ ಬಂದಾಗ ಎರಡು ದಿನ ತಲೆ ಸಿಡಿದು ಮಲಗಿಬಿಟ್ಟಿದ್ದೆ. ಗಾಳಿ ತೆಳು ಇಲ್ಲಿ. ನಡುವೆ ಒಂದು ರಾತ್ರಿ ಉಳಿದು ಬರಬೇಕು. ನೀವು ಬುಡದ ಪೇಟೆಗೇ ಬಸ್ಸಲ್ಲಿ ಬನ್ನಿ. ಹನ್ನೊಂದಕ್ಕೆ ನಾನಲ್ಲಿರ್ತೀನಿ. ಮೂರು ಗಂಟೆ ಹೊತ್ತು ಕೂತು ಮಾತಾಡೋಣ."

ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದ ದರ್ಜಿ ಫೋನಿಗೆ ಬಾಯಿಟ್ಟು ಹೇಳಿದ: "ಬಸ್ಸಲ್ಲೇ ಬರ್ತೀವಪ್ಪ." ಅವನ ಬಾಯಲ್ಲಿ ಅಷ್ಟು ಬೇಗ ಒಂದು ಮಾತು ಒಪ್ಪಿಗೆಯಾಗಿ ಬಂದದ್ದನ್ನು ಗುಂಡಿಯಮ್ಮ ಮದುವೆಯಾದ ಮೇಲೆ ಮೊದಲ ಸಲ ಕೇಳಿದಳು.

ಮನೆಗೆ ಬಂದಾಗ ಅತ್ತೆ ಸೊಸೆಯ ಕೊರಳು ನೋಡಿದಳು. ಹತ್ತಿರ ಕೂರಿಸಿಕೊಂಡು, ತಲೆ ನೇವರಿಸುತ್ತ ಮೆಲುದನಿಯಲ್ಲಿ ತನ್ನ ಪದ್ಯ ಹೇಳತೊಡಗಿದಳು. ಗುಂಡಿಯಮ್ಮ ಕೇಳುತ್ತ ಕೂತಳು. ಪದ್ಯ ನಡುವೆ ಎರಡು ಸಲ ತುಂಡಾಯಿತು.

ಶನಿವಾರ ಬಸ್ಸಿನಲ್ಲಿ ಪೇಟೆ ಸೇರಿದಾಗ ಹತ್ತೂಮುಕ್ಕಾಲು. ಚಹಾದಂಗಡಿಯ ಮುಂದೆ ಲಾರಿ ನಿಂತಿತ್ತು. ತಮ್ಮ ಹಾರಿ ಇಳಿದು ಓಡಿ ಬಂದ. ಬಡಕಲಾಗಿದ್ದ, ಕೆನ್ನೆ ಚಳಿಗೆ ಸುಟ್ಟು ಒಡೆದಿತ್ತು. ನಗುತ್ತ ಬಂದವನ ನಗು ಅಕ್ಕನ ಕೊರಳು ನೋಡಿ ಅಲ್ಲೇ ನಿಂತುಹೋಯಿತು. ಭಾವನ ಮುಖ ನೋಡಿದ.

"ನಾನು ಮಾಡಿದ್ದು," ಎಂದ ದರ್ಜಿ. ನಡೆದದ್ದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹೇಳಿದ. ದಾರದ ಅಳತೆ, ಬಿಚ್ಚಿಹಾಕಿದ ಜಾಲರಿ, ಆಫ್ ಮಾಡಿದ ಇಂಜಿನ್, ಎಲ್ಲವನ್ನೂ. ತಮ್ಮ ಕೇಳುತ್ತ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಭಾವ ತಂದಿದ್ದ ತನ್ನ ಕೋಟು ತೊಟ್ಟ. ಅಳತೆ ಸರಿಯಾಗಿತ್ತು. ಮೂವರೂ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತು ಚಹಾ ಕುಡಿದರು. ಅಕ್ಕ ಬೈದಳು, ತಮ್ಮ ಬೈಸಿಕೊಂಡ. ಕೆಮ್ಮಿಗೆ ಔಷಧಿ ಕೊಡಿಸಿದಳು. ಮೂರು ಗಂಟೆ ಮೂರು ನಿಮಿಷದ ಹಾಗೆ ಕಳೆಯಿತು.

ಲಾರಿ ಹೊರಡುವ ಹೊತ್ತಿಗೆ ಒಂದು ಬೈಕು ಬಂದು ಅಂಗಡಿಯ ಮುಂದೆ ನಿಂತಿತು. ಗಂಡ ಹೆಂಡತಿ ಇರಬೇಕು. ಗಂಡ ಇಳಿಯದೆ, ಇಂಜಿನ್ ನಿಲ್ಲಿಸದೆ ನೀರಿನ ಬಾಟಲಿ ಕೊಂಡ. ಹಿಂದೆ ಕೂತವಳ ತಲೆಯ ಮೇಲೆ ಏನೂ ಇರಲಿಲ್ಲ. ಹೆಗಲ ಹಳದಿ ಶಾಲಿನ ತುದಿ ಚಕ್ರದ ಪಕ್ಕ ತೂಗಾಡುತ್ತಿತ್ತು.

ದರ್ಜಿ ಚಹಾ ಲೋಟ ಬಿಟ್ಟು ಓಡಿದ. ಎರಡೂ ಕೈ ಅಗಲಿಸಿ ಬೈಕಿನ ಮುಂದೆ ನಿಂತುಬಿಟ್ಟ.

"ಏನ್ರೀ, ಕುಡಿದಿದ್ದೀರಾ? ದಾರಿ ಬಿಡಿ!" ಎಂದ ಬೈಕಿನವನು.

ದರ್ಜಿ ಜಾಗ ಬಿಡದೆ ಶಾಲಿನ ತುದಿಯ ಕಡೆ ಕೈ ತೋರಿಸಿದ. ಗುಂಡಿಯಮ್ಮ ಎದ್ದು ಹೋದಳು. ಬೈಕಿನವನ ಕಡೆ ನೋಡಲೂ ಇಲ್ಲ. ಹಿಂದೆ ಕೂತವಳ ಮುಂದೆ ನಿಂತು, ತನ್ನ ಕೊರಳಿನ ಮೇಲಿದ್ದ ಸೆರಗನ್ನು ಸರಿಸಿದಳು.

ಆ ಹೆಣ್ಣುಮಗಳು ಬರೆಯನ್ನು ನೋಡಿದಳು. ಆಮೇಲೆ ತೂಗಾಡುತ್ತಿದ್ದ ತನ್ನ ಶಾಲನ್ನು ನೋಡಿದಳು. ಮೆಲ್ಲಗೆ ಅದನ್ನು ಮೇಲಕ್ಕೆಳೆದುಕೊಂಡು ಬೈಕಿನಿಂದ ಇಳಿದಳು.

"ಗಾಡಿ ಆಫ್ ಮಾಡಿ," ಎಂದಳು ಗಂಡನಿಗೆ. "ನಾನು ಹೀಗೆ ಬರಲ್ಲ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬೆಟ್ಟಕ್ಕೆ ಹೋಗಬೇಡಿ ಎಂದು ಈ ಕಥೆ ಹೇಳುತ್ತಿಲ್ಲ. ಹೋಗಿ, ಕಣ್ಣು ತುಂಬ ನೋಡಿ ಬನ್ನಿ. ಆದರೆ ರಜೆ ಕಡಿಮೆಯಿದ್ದರೆ ದಾರಿಯನ್ನು ಗಿಡ್ಡ ಮಾಡಿಕೊಳ್ಳಿ, ತಯಾರಿಯನ್ನು ಗಿಡ್ಡ ಮಾಡಬೇಡಿ. ಹೊರಡುವ ಹಿಂದಿನ ದಿನ ಬೈಕಿನ ಮೇಲೆ ಪೂರ್ತಿ ಹೊರೆ ಹೇರಿ, ಹಿಂದೆ ಕೂರುವವರನ್ನೂ ಕೂರಿಸಿಕೊಂಡು, ಹತ್ತಿರದ ಒಂದು ಏರು ಹತ್ತಿ ಇಳಿದು ನೋಡಿ. ಆಗ ತೆಗೆದುಕೊಂಡ ಹೊತ್ತಿನಿಂದ ಬೆಟ್ಟದ ಲೆಕ್ಕ ಹಾಕಿ. ಎತ್ತರದ ಜಾಗವಾದರೆ ನಡುವೆ ಒಂದು ರಾತ್ರಿ ತಂಗಿ. ಇಳಿಯುವಾಗ ಇಂಜಿನ್ ಆನ್ ಇರಲಿ, ಗೇರು ಸಣ್ಣದಿರಲಿ. ಚಕ್ರದ ಜಾಲರಿ ಬಿಚ್ಚಬೇಡಿ. ಉದ್ದನೆಯ ಕೋಟು, ಶಾಲು, ಚೀಲದ ಪಟ್ಟಿ ಯಾವುದೂ ಚಕ್ರದ ಕಡೆ ಇಳಿಬೀಳದಿರಲಿ. ಎಷ್ಟು ತಲೆಯೋ ಅಷ್ಟು ಹೆಲ್ಮೆಟ್ಟು. ಎಲ್ಲಿಗೆ ಹೊರಟಿದ್ದೀರಿ, ಎಷ್ಟು ಹೊತ್ತಿಗೆ ಮುಟ್ಟುತ್ತೀರಿ ಎಂದು ಅಲ್ಲಿರುವವರಿಗೂ ಇಲ್ಲಿರುವವರಿಗೂ ತಿಳಿಸಿ.

ಮುಂದಿನ ಸಲ ಬೈಕಿನ ಕೀಲಿ ಕೈಗೆ ತೆಗೆದುಕೊಂಡಾಗ ಒಮ್ಮೆ ಹಿಂದೆ ತಿರುಗಿ, ನಿಮ್ಮನ್ನು ನಂಬಿ ಕೂತವರನ್ನು ಅಡಿಯಿಂದ ಮುಡಿಯವರೆಗೆ ನೋಡಿ. ಆಮೇಲೆ ಹೊರಡಿ.